ಹೊಸ ಹೊದಿಕೆ

ಹತ್ತೂ ಮುಕ್ಕಾಲಿಗೆ ಲೆಕ್ಕದ ತಪ್ಪು ಅವಳ ಕಣ್ಣಿಗೆ ಬಿತ್ತು. ಹನ್ನೊಂದಕ್ಕೆ ಲೈನಿಗೆ ಕರೆಂಟು ಬಿಡುವವರಿದ್ದರು.

ಆ ದೊಡ್ಡ ವಿದ್ಯುತ್ ಲೈನಿನ ಪಕ್ಕದಲ್ಲೇ ಹದಿನಾಲ್ಕು ಕಿಲೋಮೀಟರ್ ಉಕ್ಕಿನ ಪೈಪು ನೆಲದಡಿ ಹೂತಿತ್ತು. ಲೈನಿನಲ್ಲಿ ಕರೆಂಟು ಹರಿದರೆ ತಂತಿ ತಾಗದಿದ್ದರೂ ಪೈಪಿನಲ್ಲಿ ವೋಲ್ಟೇಜು ಹುಟ್ಟುತ್ತದೆ. ಎಷ್ಟೆಂದು ಹೇಳುವುದು ಅವಳ ಕೆಲಸ. ಉಕ್ಕು, ಮಣ್ಣು, ಪೈಪಿಗೆ ಸುತ್ತಿದ ಹೊದಿಕೆ ಇವೆಲ್ಲ ಕರೆಂಟಿಗೆ ಒಡ್ಡುವ ಅಡ್ಡಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ನೋಡಿ, ಒಂದು ತುದಿಯ ವಾಲ್ವಿನ ಬಳಿ ಹನ್ನೆರಡು ವೋಲ್ಟ್, ಅಪಾಯವಿಲ್ಲ ಎಂದು ಸಹಿ ಹಾಕಿದ್ದಳು. ಆದರೆ ಅವಳು ಹಾಕಿದ್ದು ಹಳೆಯ ಹೊದಿಕೆಯ ಅಂಕಿ. ಅದು ಬಿರುಕುಬಿಟ್ಟಿದ್ದರಿಂದ ಕರೆಂಟು ಮಣ್ಣಿಗೆ ಸೋರಿಹೋಗುತ್ತಿತ್ತು. ಹೋದ ತಿಂಗಳು ಸುತ್ತಿದ ಹೊಸದರಲ್ಲಿ ಸೋರಲು ದಾರಿಯೇ ಇರಲಿಲ್ಲ. ಅಂಕಿ ತಿದ್ದಿದಾಗ ಪರದೆಯ ಮೇಲೆ ಅರವತ್ತೆಂಟು ಬಂತು; ಒದ್ದೆ ಮೈಯವನ ಜೀವ ತೆಗೆಯಲು ಅಷ್ಟು ಸಾಕು. ಆ ವಾಲ್ವಿನ ಗುಂಡಿಯಲ್ಲಿ, ಪಾದ ಮುಳುಗುವ ನೀರಿನಲ್ಲಿ ನಿಂತು ಬೋಲ್ಟು ಬಿಗಿಯುತ್ತಿದ್ದವನು ಅವಳ ಚಿಕ್ಕಪ್ಪ.

ಓಡಿಹೋಗಿ ತಿಳಿಸಿದರೆ, ಲೈನು ತಡೆಯುವುದು ತನ್ನ ಕೈಲಿಲ್ಲ, ಮಧ್ಯಾಹ್ನ ಕೂತು ಲೆಕ್ಕ ನೋಡೋಣ ಎಂದು ಮೇಲಧಿಕಾರಿ ರಾಗ ಎಳೆದ. ಅವನ ಮಾತು ಮುಗಿಯುವ ಮೊದಲೇ ಅವಳು ಕಾರಿಡಾರಿಗೆ ಬಂದಿದ್ದಳು.

ಚಿಕ್ಕಪ್ಪ ಫೋನ್ ಎತ್ತಿದ್ದು ಮೂರನೇ ಸಲಕ್ಕೆ. ಇನ್ನು ಎಂಟು ನಿಮಿಷ.

"ಎಲ್ಲರನ್ನೂ ಕರ್ಕೊಂಡು ಮೇಲೆ ಬಾ ಚಿಕ್ಕಪ್ಪ. ಈಗ್ಲೇ."

ಉಳಿದಿರುವುದು ನಾಲ್ಕೇ ಬೋಲ್ಟು ಎಂದು ಅವನು ನಕ್ಕ. ಹೊದಿಕೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ, ಹೆದರಿಕೆ ಯಾಕೆ ಎಂದ. ಬಿರುಕಿಲ್ಲದ್ದೇ ಹೆದರಿಕೆ ಎಂದು ಅವಳು ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ.

"ಆಫೀಸಿನ ಕಾಗದದಲ್ಲಿ ಹನ್ನೆರಡು ಅಂತ ಇದೆಯಲ್ಲಮ್ಮ. ನಾನು ಯಾರ ಮಾತು ನಂಬ್ಲಿ?"

"ಆ ಕಾಗದ ಬರೆದೋಳೂ ನಾನೇ. ತಪ್ಪು ಬರ್ದಿದೀನಿ."

ಸ್ಪ್ಯಾನರ್ ಅಲ್ಲೇ ಬಿಟ್ಟು ಮೇಲೆ ಹತ್ತಿ ಎಂದು ಅವನು ಯಾರಿಗೋ ಗದರುವುದು ಕೇಳಿಸಿತು. ವೋಲ್ಟ್ ಮೀಟರಿನ ಒಂದು ತಂತಿಯನ್ನು ಪೈಪಿಗೂ ಇನ್ನೊಂದನ್ನು ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೂ ಕಟ್ಟಿ, ಪೈಪಿನಿಂದ ದೂರ ನಿಂತು ಓದಲು ಅವನಿಗೆ ಹೇಳಿದಳು. ಹನ್ನೊಂದಾಯಿತು. ಫೋನಿನಲ್ಲಿ ಬರೀ ಗಾಳಿ.

"ಎಪ್ಪತ್ತೊಂದು" ಎಂದ ಚಿಕ್ಕಪ್ಪ.

ಅವಳು ಗೋಡೆಗೆ ಒರಗಿದಳು. ಈ ಸಲದ ಲೆಕ್ಕ ಸರಿಯಿತ್ತು, ಗುಂಡಿಯಲ್ಲಿ ಯಾರೂ ಇರಲಿಲ್ಲ.

"ಅಲ್ಲ ಮಗಳೇ," ಅವನ ದನಿ ತಗ್ಗಿತು, "ಪೈಪಿಗೆ ಎರಡು ತುದಿ ಇರತ್ತಲ್ಲ. ಆ ಕಡೆ ಗುಂಡೀಲಿ ಕೆಲ್ಸ ಮಾಡೋರಿಗೆ ಯಾರು ಹೇಳಿದ್ರು?"

ಅವಳು ಫೋನ್ ಇಟ್ಟು ಮತ್ತೊಂದು ನಂಬರು ಒತ್ತಿದಳು. ಹನ್ನೊಂದೂ ಐದಕ್ಕೆ ಆ ತುದಿಯ ಮೇಸ್ತ್ರಿ ಸಿಕ್ಕಿದ. ಟೀ ಈಗಷ್ಟೇ ಬಂತು, ಎಲ್ಲರೂ ಗುಂಡಿಯಿಂದ ಮೇಲೆ ಬಂದು ಕೂತು ಕುಡೀತಿದೀವಿ, ಏನು ವಿಷಯ ಎಂದು ಕೇಳಿದ.