ಪದಕ ಬಂದ ಮನೆ

ಬಾಗಿಲು ತೆಗೆದವಳು ಅತ್ತೆ. ಕಾರ್ಖಾನೆಯ ಫಿಟ್ಟರ್ ತನ್ನ ಕೊರಳಲ್ಲಿದ್ದ ಬೆಳ್ಳಿ ಪದಕವನ್ನು ಎತ್ತಿ ತೋರಿಸುವಷ್ಟರಲ್ಲೇ ಆಕೆ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮಾತಾಡಪ್ಪ. ಈಗ ತಾನೇ ನಿದ್ದೆ ಹತ್ತಿದೆ ಅವಳಿಗೆ."

"ನೀವು ಯಾವಾಗ ಬಂದ್ರಿ ಅತ್ತೆ? ಹಾಡಹಗಲಲ್ಲಿ ಇದ್ಯಾವ ನಿದ್ದೆ ಇವಳದು?"

ಅತ್ತೆ ಅವನ ಬ್ಯಾಗನ್ನು ಒಳಗೆಳೆದುಕೊಂಡು, ಮುಖ ನೋಡದೆಯೇ ಹೇಳಿದಳು. ಸೋಮವಾರ ಹೊಲಿಗೆ ಮಿಷಿನ್ ಮುಂದೆ ಕೂತಿದ್ದವಳಿಗೆ ಹೊಟ್ಟೆನೋವು ಬಂತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾಲ್ಕು ತಿಂಗಳ ಬಸಿರು. ನಿನ್ನೆ ಮನೆಗೆ ಕಳಿಸಿದರು.

ಫಿಟ್ಟರ್ ಹೊಸಿಲ ಮೇಲೇ ನಿಂತುಬಿಟ್ಟ. ಕಾರ್ಖಾನೆಯ ಪರವಾಗಿ ಭಾರ ಎತ್ತಲು ಅವನು ವೇದಿಕೆ ಹತ್ತಿದ್ದು ಬುಧವಾರ. ಪದಕ ಗೆದ್ದ ಕೂಡಲೇ ಹೆಂಡತಿಗೆ ಫೋನ್ ಮಾಡಿದ್ದ. "ತುಂಬ ಖುಷಿಯಾಯ್ತು. ಸನ್ಮಾನ ಎಲ್ಲ ಮುಗಿಸ್ಕೊಂಡು ನಿಧಾನವಾಗಿ ಬನ್ನಿ" ಅಂದಿದ್ದಳು. ದನಿ ಯಾಕೋ ಸಣ್ಣಗಿದೆ ಅನ್ನಿಸಿತ್ತು. ಕೇಳಬೇಕು ಅನ್ನುವಷ್ಟರಲ್ಲಿ ಯಾರೋ ಫೋಟೋಗೆ ಕರೆದಿದ್ದರು.

ಒಳಗೆ ಹೋದ. ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಎಚ್ಚರವಾಗಿಯೇ. ನೂರೈವತ್ತು ಕಿಲೋ ಎತ್ತಿ ಹಿಡಿದ ಕೈಯನ್ನು ಅವಳ ಹೆಗಲ ಮೇಲಿಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ? ಎಲ್ಲ ಬಿಟ್ಟು ಓಡಿ ಬರ್ತಿದ್ದೆ."

"ಬರ್ತಿದ್ರಿ. ಹೋದ ವರ್ಷವೂ ಬಂದಿದ್ರಲ್ಲ."

ಹೋದ ವರ್ಷ ಮಾವನ ಆಪರೇಷನ್ ಅಂತ ಆಯ್ಕೆಯ ಪಂದ್ಯ ಬಿಟ್ಟು ಬಂದಿದ್ದ. ಮಾವ ಹದಿನೈದೇ ದಿನಕ್ಕೆ ಎದ್ದು ಓಡಾಡಿದರು. ಇವನು ಮಾತ್ರ ಎರಡು ತಿಂಗಳು ಮುಖ ಗಂಟು ಹಾಕಿಕೊಂಡೇ ಇದ್ದ. ಊಟಕ್ಕೆ ಉಪ್ಪು ಕಮ್ಮಿಯಾದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು: 'ನಿಮ್ಮ ಮನೆಯವರಿಂದ ನನ್ನ ಒಂದು ವರ್ಷ ಮಣ್ಣುಪಾಲಾಯ್ತು.' ಅವಳು ಒಂದು ಸಲವೂ ಎದುರಾಡಿರಲಿಲ್ಲ.

"ಇದು ಬೇರೆ ಕಣೇ. ಇದು ನಮ್ಮ ಮಗು."

"ಹೌದು. ಅದಕ್ಕೇ ಭಯ ಆಯ್ತು. ಅದರ ಮೇಲೂ ಸಿಟ್ಟು ಮಾಡ್ಕೊಂಡ್ರೆ ಅಂತ."

ಅವನು ಕೊರಳಿನ ಪದಕ ತೆಗೆದು ಜೇಬಿಗೆ ಹಾಕಿಕೊಂಡ. ಅಡುಗೆಮನೆಯಲ್ಲಿ ಅತ್ತೆ ಸದ್ದಾಗದಂತೆ ಪಾತ್ರೆ ಎತ್ತಿಡುತ್ತಿದ್ದಳು.

ಹೆಂಡತಿ ಈ ಕಡೆ ಹೊರಳಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿ ಅನ್ನಿಸಿತು ಅವನಿಗೆ.

"ನೀವು ಎತ್ತಿದ್ದನ್ನ ನೋಡಿದೆ. ವಾರ್ಡಿನ ಟೀವೀಲಿ ಹಾಕಿದ್ರು. ಮನಸ್ಸು ತಡೀಲಿಲ್ಲ, ಎದ್ದು ಕೂತುಬಿಟ್ಟೆ. 'ಯಾರಮ್ಮಾ ಅದು, ಬೇಕಾದವರಾ?' ಅಂತ ನರ್ಸ್ ಕೇಳಿದ್ಲು."

"ಏನಂದೆ?"

"ಗಂಡ ಅಂದ್ರೆ, ಮತ್ತೆ ಇಲ್ಯಾಕಿಲ್ಲ ಅಂತ ಕೇಳ್ತಾಳೆ ಅನ್ನಿಸ್ತು. ನಮ್ಮ ಬೀದಿಯವರು ಅಂದೆ."