ಪಾತಾಳಕ್ಕಿಳಿದ ಗೆರೆ

ಗೋದಾಮಿನಲ್ಲಿ ತಾವಾಗಿಯೇ ಪೆಟ್ಟಿಗೆ ಎತ್ತಿಡುವ ಯಂತ್ರಗಳ ಕರೆಂಟು ಉಳಿಸಲು ಬಂದಿದ್ದ ಸಲಹೆಗಾರ, ಪರದೆಯ ಮೇಲೆ ಬಳಕೆಯ ಗೆರೆ ತೋರಿಸಿ ಬೀಗಿದ. ಅವನ ಪ್ರೋಗ್ರಾಂ ಹಾಕಿದ ಮರುದಿನವೇ ಅದು ಪಾತಾಳಕ್ಕಿಳಿದಿತ್ತು.

ಮಾಲೀಕರು ಉಸ್ತುವಾರಿ ಸುಕನ್ಯಾಳತ್ತ ತಿರುಗಿದರು. “ನೋಡಮ್ಮ, ಕೆಲಸ ಅಂದ್ರೆ ಇದು. ಇಷ್ಟು ವರ್ಷ ನೀವೇನು ಕಡಿದು ಗುಡ್ಡೆ ಹಾಕಿದ್ರಿ?”

ಸುಕನ್ಯಾಗೆ ಮೈಯೆಲ್ಲ ಉರಿಯಿತು. ಸಲಹೆಗಾರ ಸನ್ಮಾನದ ಶಾಲು ಹೊದ್ದು ಹೊರಟ ಮೇಲೆ ಬಾಯಿಬಿಟ್ಟಳು. “ಸಾರ್, ಅವತ್ತು ಆಯುಧಪೂಜೆ. ಒಂದು ಯಂತ್ರವೂ ಓಡಿಲ್ಲ. ಅದನ್ನ ಈ ಮಹಾನುಭಾವ ತನ್ನ ಸಾಧನೆ ಅಂತಾನೆ.”

ಈಗ ಇವರು ಇಂಗು ತಿಂದ ಮಂಗನಂತಾಗುತ್ತಾರೆಂದು ಕಾದಳು.

ಮಾಲೀಕರು ಸಾವಕಾಶವಾಗಿ ಕನ್ನಡಕ ಒರೆಸಿಕೊಂಡರು. “ಗೊತ್ತಮ್ಮ, ಕುಂಬಳಕಾಯಿ ಒಡೆದವನು ನಾನೇ ಅಲ್ವಾ? ವಿದ್ಯುತ್ ಉಳಿತಾಯದ ಪ್ರಶಸ್ತಿಗೆ ಆ ದಿನದ ಗೆರೆಯನ್ನೇ ಕಳಿಸಿ. ಕೆಳಗೆ ನಿಮ್ಮ ರುಜು ಇರಲಿ.”