ತೊಳೆಯದ ಅಂಗಿ

ಹುಲ್ಲಿನಲ್ಲಿ ಅಡಗಿದ್ದ ಕಲ್ಲಿಗೆ ತಾಗಿದ ಕುಡುಗೋಲು ತಿರುಗಿ ಬಂದು ದಿಲಾಳ ಮೊಣಕಾಲ ಕೆಳಗೆ ಕಚ್ಚಿತು. ನಿಂತು ಬೀಸುವ ಉದ್ದ ಹಿಡಿಯ ಕುಡುಗೋಲು, ಬೆಳಿಗ್ಗೆಯಷ್ಟೇ ಮಸೆದದ್ದು. "ಅಯ್ಯೋ" ಎಂದು ಕೂತವಳ ಬಿಳಿ ಉಣ್ಣೆಯ ಕಾಲುಚೀಲ ನೋಡನೋಡುತ್ತಲೇ ಕೆಂಪಾಯಿತು. ಹೊಲದ ಅಂಚಿನ ಕಲ್ಲುಗೋಡೆಯ ಮೇಲೆ ಕೂತಿದ್ದ ಪ್ರೆಂಗ್ ಎದ್ದು ನಿಂತ. ನೋಡಿದ್ದು ಅವಳ ಕಡೆಗಲ್ಲ, ಅವಳ ಮನೆಯ ಬಾಗಿಲ ಕಡೆಗೆ.

ಆ ಬಾಗಿಲ ಹಿಂದೆ ಅವಳ ಗಂಡ ಲುಲಾಶ್ ಇದ್ದ. ಮದುವೆಯಾದಾಗಿನಿಂದ ಅವನು ಹೊರಗೆ ಕಾಲಿಟ್ಟಿರಲಿಲ್ಲ. ನೀರಿನ ಸರದಿಯ ಜಗಳದಲ್ಲಿ ಲುಲಾಶನ ಅಪ್ಪ ಪ್ರೆಂಗನ ಅಪ್ಪನನ್ನು ಗುಂಡಿಕ್ಕಿ ಕೊಂದಿದ್ದ. ಕೊಂದವನು ತನ್ನ ಹಾಸಿಗೆಯಲ್ಲೇ ಸುಖವಾಗಿ ಸತ್ತದ್ದರಿಂದ ಆ ರಕ್ತದ ಸಾಲ ಮಗನ ತಲೆಗೆ ಬಂತು. ಅಲ್ಬೇನಿಯಾದ ಈ ಬೆಟ್ಟಗಳಲ್ಲಿ ಹೆಂಗಸನ್ನು ಮುಟ್ಟುವುದಿಲ್ಲ, ಮನೆಯೊಳಗಿರುವವನನ್ನೂ ಮುಟ್ಟುವುದಿಲ್ಲ. ಹೊಸ್ತಿಲು ದಾಟಿದವನು ಮಾತ್ರ ಸಿಕ್ಕಿದ ಹಾಗೆ. ಅದಕ್ಕೇ ಹೊಲದ ಕೆಲಸವೆಲ್ಲ ದಿಲಾಳದು. ಅದಕ್ಕೇ ಹುಲ್ಲು ಕೊಯ್ಲಿನ ಕಾಲಕ್ಕೆ ಪ್ರೆಂಗ್ ಬಂದರಿನ ಪಟ್ಟಣದಿಂದ ಕರಿ ಕಾರಿನಲ್ಲಿ ಬಂದು ಈ ಗೋಡೆ ಹತ್ತಿ ಕೂರುತ್ತಿದ್ದ.

ಪಟ್ಟಣದಲ್ಲಿ ಕಳ್ಳಸಾಗಣೆಯ ಸಿಗರೇಟು ಅವನ ಅಪ್ಪಣೆಯಿಲ್ಲದೆ ದಡ ಹತ್ತುತ್ತಿರಲಿಲ್ಲ. ಅವನ ಮೈಗೆ ಗುಂಡು ಹೋಗುವುದಿಲ್ಲ, ಚೂರಿ ಇಳಿಯುವುದಿಲ್ಲ. ಕಾಫಿ ಅಂಗಡಿಯ ಮುಂದೆ ಎದುರಾಳಿಗಳು ಹಾರಿಸಿದ ಗುಂಡುಗಳನ್ನು ಅವನು ಕೋಟಿನಿಂದ ಜೋಳದ ಕಾಳಿನಂತೆ ಕೊಡವಿಕೊಂಡದ್ದನ್ನು ಕಂಡವರು ನಮ್ಮ ಊರಲ್ಲೇ ಇದ್ದಾರೆ. ಇದು ಹೇಗೆ ಬಂತೆಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಅವನಾಗಿ ಹೇಳಿದ್ದೂ ಇಲ್ಲ. ಅಪ್ಪನ ಹೆಣ ಮನೆಗೆ ಬಂದ ದಿನ ಅಮ್ಮ ಅದರ ಮೈಮೇಲಿನ ಅಂಗಿಯನ್ನು ಬಿಚ್ಚಿ, ತೊಳೆಯದೆ, ಅಳುತ್ತಿದ್ದ ಹುಡುಗ ಪ್ರೆಂಗನಿಗೆ ತೊಡಿಸಿದ್ದಳು. "ಅಳಬೇಡ. ಅವರ ರಕ್ತ ಬೀಳೋವರೆಗೂ ಇದೇ ನಿನ್ನ ಚರ್ಮ" ಎಂದಿದ್ದಳು. ಅಂಗಿ ಒಣಗಿ ಬಿರುಸಾಯಿತು. ಆಮೇಲೆ ಎಲ್ಲಿ ಬಿದ್ದರೂ ಅವನ ಮೊಣಕಾಲು ತರಚಲಿಲ್ಲ.

ಗೋಡೆಯ ಮೇಲೆ ಕೂತವನಿಗೆ ಆ ಮನೆಯ ಸಣ್ಣ ಕಿಟಕಿಯಿಂದ ಮಾತು ಕೇಳಿಸುತ್ತಿತ್ತು. "ರೊಟ್ಟಿ ಸೀದಿದೆ ಕಣೇ." "ಇಡೀ ದಿನ ಒಲೆ ಮುಂದೇನೇ ಇರ್ತೀರಲ್ಲ, ತಿರುವಿ ಹಾಕೋಕೆ ಏನು ರೋಗ?" ಆಮೇಲೆ ಇಬ್ಬರ ನಗು. ಸೆರೆಮನೆಯಂಥ ಆ ಕಲ್ಲಿನ ಗೂಡಿನಲ್ಲಿ ಕೂತವನಿಗೆ ನಗು ಎಲ್ಲಿಂದ ಬರುತ್ತದೆ? ಹೊರಗಿದ್ದವನ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಈಗ ಆ ಮನೆಯ ಬಾಗಿಲು ತೆರೆಯಿತು. ಲುಲಾಶ್ ಬರಿಗಾಲಲ್ಲಿ ಓಡಿ ಬಂದ. ಬಿಸಿಲು ಕಾಣದ ಅವನ ಮುಖ ಹಿಟ್ಟು ಬಳಿದಂತೆ ಬಿಳಿಚಿತ್ತು. ಪ್ರೆಂಗ್ ಪಿಸ್ತೂಲು ತೆಗೆದದ್ದನ್ನು ಕಂಡೂ ನಿಲ್ಲದೆ, ಅವನ ಪಕ್ಕದಲ್ಲೇ ಹಾದು, ಹೆಂಡತಿಯ ಮುಂದೆ ಕುಸಿದು ಕೂತ.

"ಒಳಗೆ ಹೋಗಿ! ನಿಮ್ ದಮ್ಮಯ್ಯ, ಒಳಗೆ ಹೋಗಿ!" ದಿಲಾ ಅವನ ಎದೆಗೆ ಗುದ್ದಿದಳು.

"ಬಾಯ್ಮುಚ್ಚೆ. ಕಾಲು ಚಾಚು." ಅಂಗಿಯ ತೋಳು ಹರಿದು ಗಾಯಕ್ಕೆ ಒತ್ತಿದ.

ಪ್ರೆಂಗನ ನೆರಳು ಇಬ್ಬರ ಮೇಲೂ ಬಿತ್ತು. "ಕಡೆಗೂ ಬಂದೆಯಾ?"

"ಬಂದೆ ಕಣೋ. ಹೊಡಿ. ಇದೊಂದು ಕಟ್ಟಿಬಿಡ್ತೀನಿ, ಅಲ್ಲೀವರೆಗೆ ಸ್ವಲ್ಪ ಆಚೆ ನಿಂತ್ಕೋ. ನಿನ್ನ ನೆರಳಿಗೆ ಗಾಯ ಕಾಣ್ತಿಲ್ಲ."

ಪ್ರೆಂಗ್ ತನಗೇ ತಿಳಿಯದಂತೆ ಪಕ್ಕಕ್ಕೆ ಸರಿದ.

"ಉರೀತಿದೆ" ಎಂದಳು ದಿಲಾ. ಲುಲಾಶ್ ಬಾಗಿ, ಮಗುವಿಗೆ ಊದುವಂತೆ ಗಾಯದ ಮೇಲೆ ಮೆಲ್ಲಗೆ ಊದಿದ. "ಹೋಯ್ತು, ಹೋಯ್ತು. ಕುರುಡಿ, ಅಷ್ಟು ದೊಡ್ಡ ಕಲ್ಲು ಕಾಣಲಿಲ್ವಾ ನಿಂಗೆ?" ನೆನೆದ ತುಂಡನ್ನು ಅತ್ತ ಎಸೆದು, ಇನ್ನೊಂದು ತೋಳನ್ನೂ ಹರಿದು ಬಿಗಿಯಾಗಿ ಕಟ್ಟಿದ.

ಪ್ರೆಂಗ್ ನೋಡುತ್ತಿದ್ದದ್ದು ಶತ್ರುವಿನ ಕುತ್ತಿಗೆಯನ್ನಲ್ಲ, ಆ ಕಾಲನ್ನು. ಅಷ್ಟು ಹೊಟ್ಟೆಕಿಚ್ಚು ಅವನಿಗೆ ಯಾರ ದೋಣಿಯ ಮೇಲೂ, ಯಾರ ಬಂಗಲೆಯ ಮೇಲೂ ಬಂದಿರಲಿಲ್ಲ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ಕುಡುಗೋಲು ಎತ್ತಿಕೊಂಡ. ದಿಲಾ ಚೀರಿ ಗಂಡನನ್ನು ಅವಚಿಕೊಂಡಳು. ಪ್ರೆಂಗ್ ಅಲಗನ್ನು ತನ್ನದೇ ಮಣಿಕಟ್ಟಿನ ಮೇಲೆ ಬಲವಾಗಿ ಎಳೆದ. ಬಂಡೆಗೆ ಉಜ್ಜಿದಂತೆ ಸದ್ದಾಯಿತು. ಇನ್ನೊಮ್ಮೆ ಎಳೆದ. ಅಲಗಿನ ಬಾಯಿ ಮುಕ್ಕಾಯಿತು.

"ಎತ್ಕೊಂಡು ಒಳಗೆ ಹೋಗು" ಎಂದ. "ಬೇಗ ಹೋಗೋ, ನನ್ನ ಮನಸ್ಸು ತಿರುಗೋಕೆ ಮುಂಚೆ."

ಲುಲಾಶ್ ಅವಳನ್ನು ಹೊತ್ತು ಹೊಸ್ತಿಲು ದಾಟಿದ. ಬಾಗಿಲಿಗೆ ಅಗುಳಿ ಬಿದ್ದ ಮೇಲೆ ಪ್ರೆಂಗ್ ಬಗ್ಗಿ, ಹುಲ್ಲಿನಲ್ಲಿ ಬಿದ್ದಿದ್ದ ರಕ್ತ ನೆನೆದ ಬಟ್ಟೆಯ ತುಂಡನ್ನು ಎತ್ತಿ ಮಣಿಕಟ್ಟಿಗೆ ಸುತ್ತಿಕೊಂಡ. ಕಟ್ಟುವವರಿಲ್ಲದೆ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದ.

ಪ್ರೆಂಗನ ಮನೆಯಲ್ಲಿ ಅಮ್ಮ ಕಾಫಿ ಕುದಿಸುತ್ತಿದ್ದಳು. ಒಲೆಯ ಮೇಲಿನ ತೊಲೆಗೆ ಆ ಹಳೆಯ ಅಂಗಿ ತೂಗುತ್ತಿತ್ತು, ಹೊಗೆ ಹಿಡಿದು ಕಪ್ಪಾಗಿ. ಮಗನ ಮಣಿಕಟ್ಟು ಕಂಡದ್ದೇ ಮುದುಕಿಯ ಕಣ್ಣು ಹೊಳೆಯಿತು.

"ಅವನ ರಕ್ತವಾ, ಮಗಾ?"

"ನಂದಮ್ಮ."

ಅಮ್ಮ ಬಂದು ಕೈ ಹಿಡಿದು ನೋಡಲೆಂದು ಅವನು ಕಾದ. ಕಾಫಿ ಉಕ್ಕಿ ಬಂತು. ಅವಳು ಪಾತ್ರೆಯನ್ನು ಎತ್ತಿ ಹಿಡಿದು, ನೊರೆ ಇಳಿದ ಮೇಲೆ ಮತ್ತೆ ಕೆಂಡದ ಮೇಲಿಟ್ಟಳು.

"ಹಾಗಾದ್ರೆ ಅವನದು ಯಾವಾಗ?"

ಪ್ರೆಂಗ್ ಬಾಗಿಲ ಬಳಿಯ ಮಣೆಯ ಮೇಲೆ ಕೂತ. ಗಾಯವಿಲ್ಲದ ಮಣಿಕಟ್ಟನ್ನು ಬಾಯಿಯ ಹತ್ತಿರಕ್ಕೆ ತಂದು, ಮೆಲ್ಲಗೆ ಊದತೊಡಗಿದ.